ಕಟಕಟೆಯ ಪುಟ್ಟ ಬಾಗಿಲು

ಶಿಶುವಿಹಾರ ಶುರುವಾಗುವ ಹಿಂದಿನ ದಿನ ಬಡಗಿ ಮೇಸ್ತ್ರಿ ಮಕ್ಕಳ ಆಟದ ಮನೆಗೆ ತಾನು ಮಾಡಿದ ಬಾಗಿಲಲ್ಲಿ ತಾನೇ ಸಿಕ್ಕಿಹಾಕಿಕೊಂಡ. ತಲೆ, ತೋಳು ಒಳಗೆ. ಉಳಿದ, ಹೆಚ್ಚು ತೂಕದ ಭಾಗ ಹೊರಗೆ. ಒಳಗಿನ ತಿರುಪು ಬಿಗಿ ಮಾಡಲು ನುಗ್ಗಿದವನನ್ನು ಚೌಕಟ್ಟೇ ಬಿಗಿ ಮಾಡಿತ್ತು. ಸರಿಯಾಗಿ ಆ ಹೊತ್ತಿಗೇ, ಕಟ್ಟಡದ ಹೊಸ ನಕ್ಷೆ ಬರೆದ ಮೇಡಂ ಬಂದರು.

"ಮೇಸ್ತ್ರಿ, ಇದು ನೀವೇನಾ?" ಎಂದು ಹೊರಗಿದ್ದ ಭಾಗವನ್ನು ಕೇಳಿದರು.

"ನಾನೇ ಮೇಡಂ. ನಮಸ್ಕಾರ ಒಳಗಡೆ ಮಾಡ್ತಿದೀನಿ."

"ನನ್ನ ಡ್ರಾಯಿಂಗ್‌ನಲ್ಲಿ ಬಾಗಿಲು ಇಷ್ಟು ಚಿಕ್ಕದಿತ್ತಾ?"

"ದೊಡ್ಡೋರು ನುಗ್ಗಬಾರದು ಅಂತ ನೀವೇ ಅಂದಿದ್ರಲ್ಲ ಮೇಡಂ."

"ಅದನ್ನ ಚೆನ್ನಾಗೇ ಸಾಬೀತು ಮಾಡಿದೀಯ!" ಎಂದು ಜೊತೆಗೆ ಕೆಲಸಕ್ಕಿದ್ದ ಗಾರೆಯವನು ಸೊಂಟ ಹಿಡಿದು ಎಳೆದ. ಮೇಸ್ತ್ರಿ ಹೊರಬಂದ; ಅಂಗಿಯ ಗುಂಡಿ ಒಳಗೇ ಉಳಿಯಿತು. ನಗುವಿನ ಗದ್ದಲದಲ್ಲಿ ಅಳತೆಯ ಮಾತು ಅಲ್ಲಿಗೇ ಬಿದ್ದುಹೋಯಿತು.

ಸಾಬೀತು ಎಂಬ ಮಾತು ಆ ಗೋಡೆಗಳಿಗೆ ಹೊಸದಲ್ಲ. ಮೊನ್ನೆ ಮೊನ್ನೆಯವರೆಗೂ ಅದು ಕೋರ್ಟು. ಕೋರ್ಟು ಬೇರೆ ಕಟ್ಟಡಕ್ಕೆ ಹೋದ ಮೇಲೆ ಮೇಡಂ ಹಳೆಯದನ್ನು ಮಕ್ಕಳ ವಶಕ್ಕೆ ಕೊಟ್ಟರು. ನ್ಯಾಯಾಧೀಶರ ಪೀಠದಿಂದ ಜಾರುಬಂಡೆ ಇಳಿಯಿತು. ತೀರ್ಪುಗಳೂ ಅಲ್ಲಿಂದ ಇಷ್ಟು ಸಲೀಸಾಗಿ ಇಳಿದದ್ದಿಲ್ಲ. ವಕೀಲರ ಕೋಟು ನೇತಾಡುತ್ತಿದ್ದ ಗೂಟಗಳು ಕೆಳಗಿಳಿದು ಪುಟ್ಟ ಚೀಲಗಳಿಗೆ ಕಾದವು. ಸಾಕ್ಷಿಯ ಕಟಕಟೆಗೆ ಸೂರು, ಕಿಟಕಿ, ಬಾಗಿಲು ಕೂಡಿ ಆಟದ ಮನೆಯಾಯಿತು. ಆಣೆಯಿಟ್ಟು ಸುಳ್ಳು ಹೇಳುತ್ತಿದ್ದ ಜಾಗದಲ್ಲಿ ಇನ್ನು ಆಣೆಯಿಲ್ಲದೆಯೇ ಸುಳ್ಳುಸುಳ್ಳು ಆಟ ಆಡಬಹುದು.

ಮೇಸ್ತ್ರಿಗೆ ಆ ಹಾಲ್ ಚೆನ್ನಾಗಿ ಗೊತ್ತು. ಎರಡು ವರ್ಷದ ಹಿಂದೆ ಮಗ–ಸೊಸೆಯ ಕೇಸು ಮುಗಿದದ್ದು ಅಲ್ಲೇ. ಮಗು ತಾಯಿಗೆ ಎಂದಾಯಿತು. ಮಗ ಬೇರೆ ಊರು ಹಿಡಿದ. ತಾತನಿಗೇನು ಎಂದು ಯಾರೂ ಕೇಳಲಿಲ್ಲ. ಅವನು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ, ಹಿಂದಿನ ಬೆಂಚಿನವನು. ಅವನ ಪಾಲಿಗೆ ಉಳಿದದ್ದು ಒಂದು ಮರದ ಪಟ್ಟಿ. ಮೂರು ತುಂಬಿದ ಮೊಮ್ಮಗಳನ್ನು ತನ್ನ ಶೆಡ್ಡಿನಲ್ಲಿ ನೇರ ನಿಲ್ಲಿಸಿ, "ಅಲುಗಬೇಡ್ವೇ ಕೋತಿ" ಎಂದು ನೆತ್ತಿಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದ ಪಟ್ಟಿ. ಮೊಣಕೈಗೂ ಮೊಣಕಾಲಿಗೂ ಗೆರೆ ಬೇಕೆಂದು ಹಟ ಹಿಡಿದವಳು ಅವಳೇ.

ಸೊಸೆ ಮಗಳನ್ನು ಇದೇ ಶಿಶುವಿಹಾರಕ್ಕೆ ಸೇರಿಸಿದ್ದಾಳೆಂದು ಗಾರೆಯವನಿಂದ ತಿಳಿದ ದಿನ ಡ್ರಾಯಿಂಗ್ ಮಡಿಚಿಕೊಂಡು ಜೇಬು ಸೇರಿತು, ಪಟ್ಟಿ ಹೊರಗೆ ಬಂತು. ಬಾಗಿಲು ನೆತ್ತಿಯ ಗೆರೆಗಿಂತ ನಾಲ್ಕು ಬೆರಳು ಮೇಲೆ, ಕೈತೊಳೆಯುವ ಬೇಸಿನ್ ಮೊಣಕೈಗೆ, ಬೆಂಚು ಮೊಣಕಾಲಿಗೆ.

"ಡ್ರಾಯಿಂಗ್‌ನಲ್ಲಿ ಇನ್ನೂ ಎತ್ತರ ಇದೆಯಲ್ಲೋ," ಎಂದ ಗಾರೆಯವನು.

"ಡ್ರಾಯಿಂಗ್‌ಗೆ ಮೊಮ್ಮಕ್ಕಳಿದ್ದಾರಾ? ನನಗಿದ್ದಾಳೆ. ಸುಮ್ನೆ ಸಿಮೆಂಟ್ ಕಲಸು."

ಅವಳು ಬರುತ್ತಾಳೆ, ತಲೆ ಬಗ್ಗಿಸದೆ ಒಳಗೆ ಹೋಗುತ್ತಾಳೆ, ಇದನ್ನು ಮಾಡಿದ್ದು ಯಾರು ಎಂದು ಕೇಳುತ್ತಾಳೆ. ಅಷ್ಟು ಸಾಕಿತ್ತು ಅವನಿಗೆ.

ಮಾರನೆಯ ದಿನ ಮಕ್ಕಳು ಬಂದರು. ಬೇಸಿನ್ ಮುಂದೆ ಸೊಂಟ ಬಗ್ಗಿಸಿ ಮುದುಕರಂತೆ ನಿಂತರು. ಬೆಂಚಿನಲ್ಲಿ ಕೂತವರ ಮಂಡಿ ಎದೆಗೆ ಬಂತು. ಆಟದ ಮನೆಯತ್ತ ಎಲ್ಲರಿಗಿಂತ ಮುಂದೆ ಓಡಿದವಳು ಅವಳೇ. ಟಕ್ ಎಂದು ಹಣೆ ಚೌಕಟ್ಟಿಗೆ ಬಡಿಯಿತು.

ಮೇಸ್ತ್ರಿ ಓಡಿ ಹೋಗಿ ಹಣೆ ಉಜ್ಜಲು ಕೈ ಚಾಚಿದ. ಅವಳು ಅಮ್ಮನ ಹಿಂದೆ ಸರಿದಳು.

"ಅಮ್ಮಾ, ಈ ಅಂಕಲ್ ಬಾಗಿಲು ನಂಗೆ ಹೊಡೀತು!"

"ಅಂಕಲ್ ಅಲ್ಲ ಕಣೇ, ತಾತ," ಎಂದಳು ಸೊಸೆ.

"ಯಾರ ತಾತ?"



"ಅವಳಿಗೀಗ ಐದು ತುಂಬ್ತು, ಮಾವ," ಎಂದು ಸೊಸೆ ಮೆಲ್ಲಗೆ ಹೇಳಿದಳು. "ಬೇಕಿದ್ರೆ ಇನ್ನೊಂದ್ಸಲ ಅಳತೆ ತಗೊಳ್ಳಿ."

ಮೇಸ್ತ್ರಿ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಪಟ್ಟಿಯನ್ನು ಗೋಡೆಗೆ ಆನಿಸಿದ. "ಬಾ ಕೋತಿ, ಇಲ್ಲಿ ನಿಲ್ಲು."

"ಯಾಕಮ್ಮಾ ನನ್ನ ಕೋತಿ ಅಂತಾರೆ?" ಎಂದು ಅವಳು ಅಮ್ಮನ ಕೈಯಲ್ಲಿ ಮುಖ ಹುದುಗಿಸಿ ಅತ್ತಳು. ಪೆನ್ಸಿಲ್ ಮತ್ತೆ ಕಿವಿ ಸೇರಿತು.

ಬಯ್ಯಲೆಂದು ಬಂದ ಮೇಡಂ, ಗಾರೆಯವನ ಬಾಯಲ್ಲಿ ಪಟ್ಟಿಯ ಕಥೆ ಕೇಳಿ, ಸರಿಮಾಡಿ ಎಂದಷ್ಟೇ ಹೇಳಿ ಹೊರಟುಹೋದರು. ಶಿಶುವಿಹಾರಕ್ಕೆ ಒಂದು ವಾರ ಬೀಗ ಬಿತ್ತು. ಬಾಗಿಲು ಎತ್ತರವಾಯಿತು, ಬೇಸಿನ್ ಮೇಲೇರಿತು, ಕಟಕಟೆಗೆ ಹಳದಿ ಬಣ್ಣ ಬಂತು. ಬಯ್ಯಿಸಿಕೊಳ್ಳಲೆಂದೇ ಗಾರೆಯವನು ಸಿಮೆಂಟನ್ನು ನೀರುನೀರಾಗಿ ಕಲಸಿದ, ಮೇಸ್ತ್ರಿ ಅದಕ್ಕೂ ಬಯ್ಯಲಿಲ್ಲ.

ಈ ಸಲ ಮೇಡಂ ಟೇಪ್ ಹಿಡಿದುಕೊಂಡೇ ಬಂದರು. ಬಾಗಿಲು, ಬೇಸಿನ್, ಬೆಂಚು ಎಲ್ಲವನ್ನೂ ಅಳೆದರು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಕೊನೆಗೂ ಮೊಮ್ಮಗಳು ಅಳತೆಗೆ ನಿಂತಳು ಅನ್ನಿ?" ಎಂದು ನಕ್ಕರು.

"ಇಲ್ಲ ಮೇಡಂ. ನಿಮ್ಮ ಡ್ರಾಯಿಂಗ್ ನೋಡ್ದೆ."

"ಮತ್ತೆ ಆ ಪಟ್ಟಿ? ಜೋಪಾನವಾಗಿ ಇಟ್ಕೊಂಡಿದೀರಿ ತಾನೇ?"

ಮೇಸ್ತ್ರಿ ಮೂಲೆಯಲ್ಲಿದ್ದ ಹಳದಿ ಡಬ್ಬದ ಕಡೆ ಕೈ ತೋರಿಸಿದ.

"ಬಣ್ಣ ಕಲಕೋಕೆ ಒಂದು ಕೋಲು ಬೇಕಿತ್ತು, ಮೇಡಂ."