ಹುಳದ ಹೊಟ್ಟೆಯ ರಸಕ್ಕೆ ಮೀನುಪೇಟೆಯ ಐಸು

ಕೋಲ್ಕತ್ತದ ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜಿನ ಹುಡುಗಿ ವರ್ಗವಾಗಿ ಬಂದ ಕನ್ನಡದ ರೈಲ್ವೆ ನೌಕರರೊಬ್ಬರ ಮಗಳು. ಇಲ್ಲೇ ಬೆಳೆದವಳು. ನನ್ನ ಧಾರವಾಡದ ಮಾತಿಗೆ ನಗುತ್ತಲೇ ತನ್ನ ಅರ್ಧಂಬರ್ಧ ಕನ್ನಡದಲ್ಲಿ ಉತ್ತರಿಸುತ್ತಿದ್ದಳು. ಅವಳ ಸಂಶೋಧನೆ ಬದನೆಕಾಯಿ ಕೊರೆಯುವ ಹುಳದ್ದು. ತಿಂದದ್ದನ್ನು ಅರಗಿಸುವ ಎಂಜೈಮುಗಳನ್ನು ಒಂದು ಕಾಡುಬೀಜದ ಸಾರದಿಂದ ತಡೆದರೆ ಹುಳ ಸೊರಗುತ್ತದೆ. ಆದರೆ ಕೆಲವು ಸೊರಗಲಿಲ್ಲ. ಆ ಸಾರಕ್ಕೆ ಬಗ್ಗದ ಬೇರೊಂದು ಎಂಜೈಮು ಅವುಗಳ ಹೊಟ್ಟೆಯಲ್ಲಿ ಹುಟ್ಟಿರಬೇಕೆಂದು ಅವಳ ಅನುಮಾನ. ಚಳಿಗಾಲವೆಲ್ಲ ಹುಳಗಳ ಕರುಳು ಬಿಡಿಸಿ, ರಸ ತೆಗೆದು, ಪುಟ್ಟ ನಳಿಕೆಗಳಲ್ಲಿ ತುಂಬಿ ಡೀಪ್ ಫ್ರೀಜರಿನಲ್ಲಿಟ್ಟಳು. ಅಷ್ಟು ಹಗುರವಾದ ಕೈ ನಮ್ಮಲ್ಲಿ ಇನ್ನಾರಿಗೂ ಇರಲಿಲ್ಲ.

ಬೇಸಿಗೆಯ ಕೊನೆಗೆ ಚಂಡಮಾರುತ ಬಂತು. ಬೆಳಿಗ್ಗೆ ಬಿದ್ದ ಮರಗಳನ್ನು ದಾಟಿಕೊಂಡು ಹೋದರೆ ಕರೆಂಟಿಲ್ಲ. ಜನರೇಟರ್ ಕೋಣೆಯಲ್ಲಿ ಮೊಣಕಾಲುದ್ದ ನೀರು.

“ಈಗ ಬರ್ಫ ಎಲ್ಲೆ ಸಿಗತದ?” ಅಂದೆ.

“ಮಾಛ್ ಬಜಾರಲ್ಲಿ ಇರುತ್ತೆ ಅಕ್ಕಾ.”

ಮೀನೇ ಬಂದಿರದ ಆ ಪೇಟೆಯಲ್ಲಿ ಒಬ್ಬ ವ್ಯಾಪಾರಿ ಮರದ ಹೊಟ್ಟಿನಡಿ ಮುಚ್ಚಿಟ್ಟಿದ್ದ ಐಸುಗಡ್ಡೆ ತೆಗೆದ. ಯಾವ ಮೀನಿಗೆ ಎಂದು ಕೇಳಿದ. ಮೀನಿಗಲ್ಲ, ಹುಳಕ್ಕೆ ಅಂದಳು ಇವಳು. ಅವನು ನಗಲಿಲ್ಲ, ಗೋಣಿಯಲ್ಲಿ ಸುತ್ತಿ ಕೊಟ್ಟ.

ಥರ್ಮೊಕೋಲ್ ಪೆಟ್ಟಿಗೆಯಲ್ಲಿ ನಳಿಕೆಗಳನ್ನು ಐಸಿನಲ್ಲಿ ಹೂತಿಟ್ಟೆವು. ಆ ಸೆಕೆಗೆ ಐಸು ನಿಲ್ಲಲಿಲ್ಲ. ಮತ್ತೆ ಹೋದಾಗ ಪೇಟೆಯಲ್ಲೂ ಮುಗಿದಿತ್ತು. ಕರೆಂಟು ಬರುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಉಳಿದದ್ದು ಬೆಚ್ಚಗಿನ ನೀರು. ಅರಗಿಸುವುದೇ ಈ ಎಂಜೈಮುಗಳ ಕಸುಬು. ತಂಪು ತಪ್ಪಿದರೆ ಒಂದನ್ನೊಂದು ಅರಗಿಸಿಬಿಡುತ್ತವೆ. ಆದರೂ ಅವಳು ಪರೀಕ್ಷೆ ಮಾಡಿದಳು. ಎಂಜೈಮು ಉಳಿದಿದ್ದರೆ ದ್ರವ ಹಳದಿಗೆ ತಿರುಗಬೇಕು. ಒಂದೂ ತಿರುಗಲಿಲ್ಲ.

“ಇನ್ನೊಂದ್ ಸ್ವಲ್ಪ ಹೊತ್ತು ನೋಡೋಣ?” ಎಂದಳು.

“ನೋಡೂಣಂತ,” ಅಂದೆ. ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಪ್ರಯೋಗಾಲಯದಲ್ಲಿ ಸಾಕಿಕೊಂಡಿದ್ದ, ಸೊರಗದ ಆ ಹುಳಗಳ ಸಂತತಿಯೂ ಸೆಕೆಗೆ ಸತ್ತುಹೋಗಿತ್ತು. ಮೊದಲಿನಿಂದ ಶುರುಮಾಡಲು ಅವಳ ಫೆಲೋಶಿಪ್ಪಿನ ಅವಧಿ ಉಳಿದಿರಲಿಲ್ಲ. ದುರ್ಗಾಪೂಜೆಗೆ ಮುಂಚೆಯೇ ಸಂಶೋಧನೆ ಬಿಟ್ಟುಹೋದಳು.

ಈಗ ಪಾರ್ಕ್ ಸ್ಟ್ರೀಟಿನ ಯಾವುದೋ ಆಫೀಸಿನಲ್ಲಿದ್ದಾಳೆ. ಮೊನ್ನೆ ಸಿಕ್ಕಳು, ಚಹಾ ಕುಡಿದೆವು.

“ಆ ಇನ್ನೊಂದು ಎಂಜೈಮ್ ನಿಜವಾಗ್ಲೂ ಇತ್ತಾ ಅಕ್ಕಾ?”

“ಇತ್ತಂತ ನನಗ ಅನಸ್ತದ.”

ಅನಿಸಿದ್ದನ್ನು ನಮ್ಮ ವಿದ್ಯೆಯಲ್ಲಿ ಉತ್ತರವೆನ್ನುವುದಿಲ್ಲ. ಅದು ಅವಳಿಗೂ ಗೊತ್ತು. ತಲೆಯಾಡಿಸಿ, ನನ್ನ ಮಗನ ಶಾಲೆಯ ವಿಷಯ ಕೇಳತೊಡಗಿದಳು.