ಸೇತುವೆಯ ಕೆಳಗಿನ ಗುರುತು

ಆ ದಿನ ಸಂಜೆ ನಾನು ಡೈರಿಯಲ್ಲಿ ಬರೆದದ್ದು ಇಷ್ಟು: “ನಕ್ಷೆಯ ಪಾಠ ಚೆನ್ನಾಗಿ ಆಯಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹೊಳೆಯೊಳಗಿನ ತಿಸ್ರೆಯ ಜಾಗವನ್ನು ಬಹಳ ನಿಖರವಾಗಿ ಗುರುತಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು.”

ಮೊದಲ ವಾಕ್ಯದ ಬಗ್ಗೆ ನನಗೀಗ ಅನುಮಾನವಿದೆ. ಎರಡನೆಯದು ಸುಳ್ಳು. ಮೂರನೆಯದು ನಿಜವಿರಬೇಕು.

ನಾನಿರುವುದು ಅಂಕೋಲೆಯಲ್ಲಿ. ಕಲಿಸುವ ಶಾಲೆ ಕಾರವಾರ ದಾಟಿ, ಕಾಳಿ ಹೊಳೆಯ ಸೇತುವೆಯನ್ನೂ ದಾಟಿ, ಚಿತ್ತಾಕುಲದ ಕಡೆ. ದಿನಕ್ಕೆರಡು ಸಲ ಆ ಸೇತುವೆಯ ಮೇಲೆ ಹೋಗುತ್ತೇನೆ. ಕೆಳಗಿನ ನೀರು ನನಗೆ ಗೊತ್ತಿರುವುದು ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತ ಮಾತುಗಳಲ್ಲಿ: ಅಳಿವೆ, ಭರತ, ಇಳಿತ, ಹೂಳು. ಅದರಲ್ಲಿ ಇಳಿದವಳಲ್ಲ.

ಶಾಲೆಗೆ ಪ್ರೊಜೆಕ್ಟರ್ ಮತ್ತು ಕೆಲವು ಟ್ಯಾಬುಗಳು ಬರುವವರೆಗೆ ನಮ್ಮಲ್ಲಿ ನಕ್ಷೆ ಎಂದರೆ ಗೋಡೆಯ ಮೊಳೆಗೆ ನೇತುಹಾಕಿದ, ಮಡಿಕೆಯಲ್ಲಿ ಹರಿದು ಬಳ್ಳಾರಿ ಇರಬೇಕಾದಲ್ಲಿ ತೂತಾಗಿದ್ದ ಒಂದು ಬಟ್ಟೆ. ಹೊಸ ನಕ್ಷೆ ಹಾಗಲ್ಲ. ಎರಡು ಬೆರಳಿನಿಂದ ಹಿಗ್ಗಿಸಿದರೆ ಶಾಲೆಯ ಹೆಂಚು ಕಾಣುತ್ತಿತ್ತು. ಒಂದೇ ನಕ್ಷೆಯ ಮೇಲೆ ಎಲ್ಲ ಮಕ್ಕಳೂ ಪಿನ್ ಇಡಬಹುದು, ಎರಡು ಸಾಲು ಬರೆಯಬಹುದು, ಒಬ್ಬರದನ್ನು ಇನ್ನೊಬ್ಬರು ನೋಡಬಹುದು. “ನಮ್ಮ ಊರಿನಲ್ಲಿ ನಮಗೆ ಮುಖ್ಯವಾದ ಒಂದು ಜಾಗ ಗುರುತಿಸಿ” ಎಂದು ಹೇಳಿದೆ. ಒಬ್ಬ ಕೈಗಾ ಬಸ್ಸು ನಿಂತು ಅಪ್ಪನನ್ನು ಹತ್ತಿಸಿಕೊಳ್ಳುವ ತಿರುವಿನಲ್ಲಿ ಪಿನ್ ಇಟ್ಟ. ಇನ್ನೊಬ್ಬ ಕ್ರಿಕೆಟ್ ಬಯಲಿನಲ್ಲಿ.

“ಏ, ನಿಮ್ಮನೆ ಕೋಳಿಗೂಡೂ ಕಾಣ್ತದ್ಯೋ!”

“ನಿಮ್ಮಜ್ಜಿ ಒಣಹಾಕಿದ ಸೀರೆನೂ ಕಾಣ್ತದೆ, ಸುಮ್ನಿರು.”

ಡೈರಿಯಲ್ಲಿ ಬರೆದ ಆ ಹುಡುಗಿಯ ತಾಯಿ ಇಳಿತದ ಹೊತ್ತಿಗೆ ಹೊಳೆಗಿಳಿದು ಕೆಸರಿನಿಂದ ಬೆಳಚು ಎಂಬ ತಿನ್ನುವ ಚಿಪ್ಪು ಆರಿಸಿ ಕಾರವಾರದ ಪೇಟೆಯಲ್ಲಿ ಪಾಲು ಹಾಕಿ ಮಾರುವವಳು. ಬೆಳಚಿಗೆ ಅವರು ತಿಸ್ರೆ ಎನ್ನುತ್ತಾರೆ. ಹುಡುಗಿಯೂ ರಜೆಯ ದಿನ ಜೊತೆಗೆ ಹೋಗುತ್ತಿದ್ದಳು. ಸೋಮವಾರ ಅವಳ ಬೆರಳ ತುದಿಗಳಲ್ಲಿ ಚಿಪ್ಪು ಕೊಯ್ದ ಗೆರೆಗಳಿರುತ್ತಿದ್ದವು. ಅವಳ ಪಿನ್ ನನಗೆ ನೆನಪಿದ್ದದ್ದು ಹೀಗೆ: ಗೋಡೆಯ ಮೇಲೆ ದೊಡ್ಡದಾಗಿ ಹೊಳೆ, ನಡುನೀರಿನಲ್ಲಿ ಕಾಂಡ್ಲಾ ಗಿಡಗಳು ಬೆಳೆದ ದಿಬ್ಬದಂಥ ಒಂದು ಕುದುರು, ಅದರ ಹಿಂದಿನ ಕೆಸರಿನ ಪಟ್ಟಿಯ ಮೇಲೆ ಕೆಂಪು ಪಿನ್, ತರಗತಿಯ ಚಪ್ಪಾಳೆ. ಅವಳು ನಾಚಿ ತಲೆ ತಗ್ಗಿಸಿದ್ದು.

ನಕ್ಷೆಯ ಲಿಂಕನ್ನು ನಾನು ಪೋಷಕರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಮಕ್ಕಳ ಕೆಲಸ ಎಲ್ಲರೂ ನೋಡಲಿ ಎಂದು. ಅಲ್ಲಿಂದ ಅದು ಯಾರ ಯಾರ ಫೋನಿಗೆ ಹೋಯಿತೋ ತಿಳಿಯದು.

ಕೆಲವು ವಾರಗಳ ನಂತರ ತಾಯಿ ಶಾಲೆಗೆ ಬಂದಳು. ಕೈಯಲ್ಲಿ ನೆರೆಮನೆಯವರ ಫೋನು, ಅದರಲ್ಲಿ ನಮ್ಮ ನಕ್ಷೆ.

“ಅಕ್ಕೋರೆ, ಇದು ನಮ್ಮ ಹುಡುಗಿ ಇಟ್ಟಿದ್ದೇ ಹೌದಾ?”

ಹೊಗಳಿಕೆ ಕೇಳಲು ಬಂದಿದ್ದಾಳೆ ಎಂದುಕೊಂಡೆ. “ಹೌದು, ಅವಳೇ ಇಟ್ಟದ್ದು. ಇಷ್ಟು ಸರಿಯಾಗಿ ಬೇರೆ ಯಾರೂ ಇಡಲಿಲ್ಲ ನೋಡಿ.”

“ನಾನಲ್ಲ ಅಂತ ಹೇಳ್ತಿತ್ತು ಹುಡುಗಿ.”

“ಹೆದರಿರಬೇಕು. ಇದರಲ್ಲಿ ಹೆದರಲಿಕ್ಕೆ ಏನಿದೆ?”

“ಎಂತದೂ ಇಲ್ಲ ಅಕ್ಕೋರೆ.” ಅವಳು ಫೋನನ್ನು ಸೆರಗಿನಲ್ಲಿ ಒರೆಸಿದಳು. “ಅಮಾಸೆ ಇಳಿತಕ್ಕೆ ಈ ಜಾಗಕ್ಕೇ ದೋಣಿ ತಕಂಡು ಬಂದ್ರು. ಎಲ್ಲಿಯವ್ರೋ. ಕಬ್ಬಿಣದ ಹಲ್ಲು ಹಾಕಿ ಎಳ್ದ್ರು. ನಾವು ಮರಿ ಬಿಟ್ಟು ದೊಡ್ಡದು ಆರ್ಸೂದು. ಅವ್ರು ಮರಿನೂ ಬಿಡ್ಲಿಲ್ಲ. ಈಗ ಅಲ್ಲಿ ಕೈ ಹಾಕಿದ್ರೆ ಬರೀ ಕೆಸ್ರು.”

ದೂರಿನ ದನಿಯೇ ಇರಲಿಲ್ಲ. ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿ ಹೋದಳು. ನಾನು ಅಂದೇ ಆ ಪಿನ್ ಅಳಿಸಿದೆ. ಲಿಂಕ್ ಕಳಿಸಿದ್ದು ನನ್ನ ತಪ್ಪು ಎಂದು ಡೈರಿಯಲ್ಲಿ ಬರೆದೆ. ಬರೆದ ಮೇಲೆ ಸ್ವಲ್ಪ ಹಗುರವೂ ಅನ್ನಿಸಿತು ಎಂದು ಈಗ ಒಪ್ಪಿಕೊಳ್ಳಬೇಕು.

ಆಮೇಲೆ ಹುಡುಗಿಯ ಕೈಗಳನ್ನು ಗಮನಿಸಿದೆ. ಸೋಮವಾರ ಬಂತು, ಇನ್ನೊಂದು ಸೋಮವಾರ ಬಂತು. ಗಾಯ ಮಾದು ಬೆರಳುಗಳು ನುಣುಪಾಗಿದ್ದವು. ಕೇಳಿದ್ದಕ್ಕೆ “ಹೂಂ” ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಊಟದ ಬಿಡುವಿನಲ್ಲಿ ಕರೆದು ಹತ್ತಿರ ಕೂರಿಸಿಕೊಂಡೆ.

“ಅಮ್ಮನ ಜೊತೆ ಹೊಳೆಗೆ ಹೋಗುವುದಿಲ್ಲವಾ ಈಗ?”

“ಆಯಿ ಕರ್ಕಂಡು ಹೋಗೂಲಾ.”

“ಯಾಕೆ?”

“ಆ ಜಾಗ ಆಯಿಗೆ ಅವ್ಳ ಆಯಿ ತೋರ್ಸಿದ್ದು. ಇನ್ನು ನಂಗೆ ಯಾವ ಜಾಗನೂ ತೋರ್ಸೂಲಾ ಅಂತು. ಊರಿಗೆಲ್ಲ ಹೇಳೂ ಬಾಯಿ ನಿಂದು ಅಂತು. ನಾ ಹೇಳ್ಲಿಲ್ಲ ಅಕ್ಕೋರೆ. ನಾ ಸೇತ್ವಿ ಕೆಳಗೆ ಇಟ್ಟಿದ್ದೆ.”

“ಇಲ್ಲ ಮಗೂ, ಕುದುರಿನ ಹಿಂದೆ ಇಟ್ಟಿದ್ದೆ. ನನಗೆ ಚೆನ್ನಾಗಿ ನೆನಪಿದೆ.”

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಮನೆಯಲ್ಲಿ ಅವಳ ತಾಯಿಯೂ ಹೀಗೆಯೇ, ಇಷ್ಟೇ ಖಾತ್ರಿಯಿಂದ ಹೇಳಿರಬೇಕು. ಅದಕ್ಕೆ ಆಧಾರ ನನ್ನ ಮಾತೇ ಆಗಿತ್ತು.

ಆ ನಕ್ಷೆಯಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂದು ತೋರಿಸುವ ಪಟ್ಟಿಯೊಂದಿದೆ. ಒಬ್ಬರ ಪಿನ್ ಇನ್ನೊಬ್ಬರು ಕಿತ್ತು ಜಗಳವಾದಾಗ ಅದನ್ನು ತೆರೆದು ನೋಡಿ ಎಂದು ಮಕ್ಕಳಿಗೆ ಕಲಿಸಿದವಳು ನಾನು. ಅಳಿಸಿದ ಪಿನ್‌ನ ಚರಿತ್ರೆಯೂ ಅಲ್ಲಿ ಉಳಿದಿತ್ತು. ಮೊದಲ ಸಾಲಿನಲ್ಲಿ ಹುಡುಗಿಯ ಹೆಸರು, ಪಿನ್ ಸೇತುವೆಯ ಕೆಳಗೆ, ಸಮುದ್ರದ ಬದಿಯಲ್ಲಿ. ಎರಡನೆಯ ಸಾಲು ಕೆಲವೇ ನಿಮಿಷಗಳ ನಂತರದ್ದು. ಪಿನ್ ಕುದುರಿನ ಹಿಂದಕ್ಕೆ ಸರಿದಿದೆ. ಸರಿಸಿದವರ ಹೆಸರು ನನ್ನದು.

ಪಟ್ಟಿ ನೋಡಿದ ಮೇಲೆ ಉಳಿದದ್ದು ಬಂತು. ಅದು ನೆನಪೋ, ಪಟ್ಟಿ ನೋಡಿ ನಾನು ಕಟ್ಟಿಕೊಂಡದ್ದೋ, ಈಗಲೂ ಹೇಳಲಾರೆ. ಸೇತುವೆಯ ಕೆಳಗೆ ಪಿನ್ ನೋಡಿ, ಅಲ್ಲಿರುವುದು ಕಲ್ಲು ಮತ್ತು ಸೆಳೆತ, ತಿಸ್ರೆ ಇರಲಾರದು, ಹುಡುಗಿಗೆ ನಕ್ಷೆ ಓದಲು ಬರುತ್ತಿಲ್ಲ ಎಂದುಕೊಂಡೆ. ಇದು ಒಳ್ಳೆಯ ಪಾಠವಾಗುತ್ತದೆ ಎಂದೂ ಅಂದುಕೊಂಡೆ.

“ಮನೆಯಿಂದ ಎಷ್ಟು ಹೊತ್ತು ನಡೆಯಬೇಕು?”

“ಆಯಿ ಒಂದು ಎಲೆ ಹಾಕಿ ಉಗೀವರೆಗೆ.”

ತರಗತಿ ನಕ್ಕಿತು. ನಾನು ಅಳತೆಯ ಗೆರೆ ಎಳೆದೆ.

“ಬೆಳಿಗ್ಗೆ ಅಲ್ಲಿ ನಿಂತರೆ ಬಿಸಿಲು ಎಲ್ಲಿ ಬೀಳುತ್ತದೆ?”

“ಮುಖಕ್ಕೆ.”

“ಸದಾಶಿವಗಡದ ಗುಡ್ಡ?”

“ಬೆನ್ನಿಗೆ.”

“ಹಾಗಾದರೆ ಸೇತುವೆಯ ಕೆಳಗೆ ಹೇಗಾದೀತು? ಎಲ್ಲರೂ ನೋಡಿ.” ಪಿನ್ ಎತ್ತಿ ಮೇಲ್ದಂಡೆಯ ಕುದುರಿನ ಹಿಂದೆ, ಕೆಸರಿನಲ್ಲಿ ಇಟ್ಟೆ. ಚಪ್ಪಾಳೆ ಬಿದ್ದದ್ದು ಆಗ. ನನಗೆ. “ಈಗ ಸರಿಯಾಯ್ತಾ?” ಎಂದು ಕೇಳಿದೆ. “ಹೂಂ ಅಕ್ಕೋರೆ” ಅಂದಳು. ಅಕ್ಕೋರಿಗೆ ಇಲ್ಲ ಎನ್ನುವುದನ್ನು ನಾವು ಯಾವ ಮಗುವಿಗೂ ಕಲಿಸಿಲ್ಲ. ಬಿಸಿಲು, ಗುಡ್ಡ, ಎಲೆ ಅಡಿಕೆ ಇವೆಲ್ಲ ಜಾಗದ ಹೆಸರಲ್ಲವಾದ್ದರಿಂದ ಹೇಳಿದರೆ ಅಡ್ಡಿಯಿಲ್ಲ ಎಂದು ಅವಳು ತಿಳಿದಿದ್ದಿರಬೇಕು.

ಅದೇ ಸಂಜೆ, ಇನ್ನೂ ಎಲ್ಲ ಹಸಿಯಾಗಿರುವಾಗಲೇ, “ಹುಡುಗಿಯೊಬ್ಬಳು ನಿಖರವಾಗಿ ಗುರುತಿಸಿದಳು” ಎಂದು ಬರೆದಿದ್ದೇನೆ. ಮಕ್ಕಳ ಬಗ್ಗೆ ಉದಾರವಾಗಿ ಬರೆಯುವುದು ನನ್ನ ರೂಢಿ. ಅವಳಿಗೆ ಕೊಟ್ಟ ಆ ಪುಟ್ಟ ಶ್ರೇಯಸ್ಸನ್ನೇ ನಾನು ಕೊನೆಗೆ ನಂಬಿದೆ. ನಂಬಿದ್ದನ್ನು ಅವಳ ತಾಯಿಗೆ ಹೇಳಿದೆ.

ಭಾನುವಾರ ಬೆಳಿಗ್ಗೆ ಅಂಕೋಲೆಯಿಂದ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ, ತೆಗೆಯಲಿಲ್ಲ. ಅವರ ಮನೆಯ ಅಂಗಳದಲ್ಲಿ ತಾಯಿ ಬುಟ್ಟಿಯ ಹರಿದ ಅಂಚನ್ನು ದಾರದಿಂದ ಹೊಲಿಯುತ್ತಿದ್ದಳು. ಹುಡುಗಿ ಬಾಗಿಲಲ್ಲಿ ನಿಂತಳು, ಹೊರಗೆ ಬರಲಿಲ್ಲ.

“ನಿಮ್ಮ ಮಗಳು ಹೇಳಿದ್ದು ನಿಜ,” ಅಂದೆ. “ಅವಳು ಬೇರೆ ಕಡೆ ಇಟ್ಟಿದ್ದಳು. ಪ್ರಶ್ನೆ ಕೇಳಿ ಕೇಳಿ, ಅಲ್ಲಿಂದ ಕಿತ್ತು ಆ ಜಾಗಕ್ಕೆ ಇಟ್ಟವಳು ನಾನು. ಅವತ್ತು ನಿಮಗೆ ಸುಳ್ಳು ಹೇಳಿದೆ. ಗೊತ್ತಿಲ್ಲದೆ ಹೇಳಿದೆ. ಆದರೂ ಸುಳ್ಳು.”

ದಾರ ಎಳೆಯುತ್ತಿದ್ದ ಕೈ ನಿಂತಿತು. ನನ್ನನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದಳು.

“ಎಲ್ಲಿ ಇಟ್ಟಿದ್ದೆ ಗೋ ನೀನು?”

“ಸೇತ್ವಿ ಕೆಳಗೆ.”

“ಸೇತ್ವಿ ಕೆಳಗೆ!” ತಾಯಿಯ ಬಾಯಿಯ ಅಂಚು ಸ್ವಲ್ಪ ಅಲುಗಿತು. “ಅಲ್ಲಿ ಇಳಿದವ್ರಿಗೆ ಚಡ್ಡಿ ಒದ್ದೆ ಆಗೂದು ಬಿಟ್ರೆ ಎಂತ ಸಿಕ್ತದೆ? ನನ್ನಾಯಿನೂ ಅಲ್ಲೇ ತೋರ್ಸ್ತಿತ್ತು, ಕೇಳ್ದವ್ರಿಗೆ.” ನಂತರ ನನ್ನ ಕಡೆ ತಿರುಗಿದಳು. “ನಮ್ಮಲ್ಲಿ ಜಾಗ ಕೇಳಿದ್ರೆ ಹಂಗೇ ಅಕ್ಕೋರೆ. ಕೇಳ್ದವ್ರಿಗೂ ಗುತ್ತಿರ್ತದೆ. ಮತ್ತೆ ಕೇಳೂಲಾ. ನೀವು ಮತ್ತೆ ಕೇಳಿದ್ರಿ.”

“ಹೌದು,” ಅಂದೆ.

“ಹೋದದ್ದು ಬರೂಕೆ ವರ್ಷ ಬೇಕು. ಬಂದ್ರೆ.” ಅದನ್ನು ಅವಳು ಮೆತ್ತಗೆ ಮಾಡಲು ಪ್ರಯತ್ನಿಸಲಿಲ್ಲ. ಚಹಾ ಕೊಡಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ದಾರಕ್ಕೆ ಗಂಟು ಹಾಕಿ ಹಲ್ಲಿನಿಂದ ಕಡಿದು ಎದ್ದಳು. “ನೀರು ಇಳೀತದೆ. ಬಾ ಗೋ, ಇನ್ನೊಂದು ಬುಟ್ಟಿ ತಕಾ.”

ಹುಡುಗಿ ಒಳಗೆ ಓಡಿದಳು. ಬುಟ್ಟಿ ಎಲ್ಲಿದೆ ಎಂದು ಕೇಳಲೂ ಇಲ್ಲ.

ಅವರು ಹೊರಡುವಾಗ ತಾಯಿ ಒಮ್ಮೆ ತಿರುಗಿ, “ನೀವು ರಸ್ತೆ ಕಡೆ ಹೋಗ್ರಿ ಅಕ್ಕೋರೆ, ಬಸ್ಸು ಬರೂ ಹೊತ್ತು,” ಅಂದಳು. ನಾನು ರಸ್ತೆಯ ಕಡೆ ಹೋದೆ. ಅವರ ಹೆಜ್ಜೆಯ ಸಪ್ಪಳ ಸ್ವಲ್ಪ ದೂರ ಕೇಳಿಸಿತು.

ಬಸ್ಸು ಖಾಲಿ ಇತ್ತು. ಸೇತುವೆಯ ಮೇಲೆ ಎಡಗಡೆ ಕೂತರೆ ಹೊಳೆಯ ಮೇಲ್ದಂಡೆ ಪೂರ್ತಿ ಕಾಣುತ್ತದೆ. ಆ ಇಳಿತದಲ್ಲಿ ಕೆಸರಿನ ಮೇಲೆ ನಡೆಯುವ ಇಬ್ಬರನ್ನು ಗುರುತಿಸುವುದು ಕಷ್ಟವಾಗುತ್ತಿರಲಿಲ್ಲ. ಬಲಗಡೆ, ಸಮುದ್ರದ ಬದಿಗೆ ಕೂತೆ.

ಆ ದಿನದ ಡೈರಿಯಲ್ಲಿ ತಾಯಿ ಹೇಳಿದ್ದನ್ನೂ ನಾನು ಹೇಳಿದ್ದನ್ನೂ ಆದಷ್ಟು ಇದ್ದ ಹಾಗೆ ಬರೆದಿದ್ದೇನೆ. ಅಂಗಳದಿಂದ ಅವರು ಯಾವ ಕಡೆ ತಿರುಗಿದರು ಎಂಬುದು ಗೊತ್ತಿತ್ತು. ಅದನ್ನು ಬರೆಯಲಿಲ್ಲ. ಈಗ ಮರೆತಿದ್ದೇನೆ ಎಂದುಕೊಂಡಿದ್ದೇನೆ.