ಮಕ್ಕಳ ದನಿಗೆ ಕಾವಲು ನಿಂತ ಪಿಸು ಅತ್ತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಗಂಟಲು ವಿಭಾಗದ ಬೆಂಚಿನ ಮೇಲೆ ಮೂರು ವರ್ಷದ ಗಂಡುಮಗುವೊಂದು ಅಮ್ಮನ ಮಡಿಲಲ್ಲಿ ಒದ್ದಾಡುತ್ತಿದೆ. ಉಸಿರೆಳೆದಾಗಲೆಲ್ಲ ಸಿಳ್ಳೆಯಂಥ ಸದ್ದು. ಆಪರೇಷನ್‌ಗೆ ಮುಂಚೆ ನೀರು ಕುಡಿಸುವಂತಿಲ್ಲ. ಮಗು ಬಾಯಾರಿ ಅಳುತ್ತಿದೆ, ಅಳುವಿಗೆ ದನಿಯೇ ಇಲ್ಲ. ಥಿಯೇಟರಿನ ಆಯಾ ಬಂದು ಅದರೆದುರು ಕುಕ್ಕರಗಾಲಲ್ಲಿ ಕೂರುತ್ತಾರೆ. "ಅಷ್ಟು ಕಷ್ಟಪಟ್ಟು ಅಳ್ಬೇಡ ಕಂದ, ಗಂಟಲು ನೋಯತ್ತೆ. ನಾವಿಬ್ರೂ ಪಿಸಪಿಸ ಮಾತಾಡೋಣ. ನೋಡು, ನಾನೂ ನೀರು ಕುಡಿದಿಲ್ಲ." ಸುಳ್ಳಲ್ಲ. ಒಳಗೆ ಹೋದ ಮಗು ಹೊರಬರುವ ತನಕ ಅವರು ಹನಿ ನೀರೂ ಮುಟ್ಟುವುದಿಲ್ಲ.

ವಾರ್ಡಿನ ಮಕ್ಕಳಿಗೆಲ್ಲ ಅವರು ಪಿಸು ಅತ್ತೆ. ನಿಜವಾದ ಹೆಸರು ಕೇಳಿದರೆ ದೊಡ್ಡ ನರ್ಸಮ್ಮನೂ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾರೆ. ಹೆತ್ತವರ ಕೈಯಿಂದ ಮಗುವನ್ನು ಎತ್ತಿಕೊಂಡು ಥಿಯೇಟರಿನ ಮೇಜಿಗೆ ಒಯ್ಯುವುದು, ಮಂಪರು ಹತ್ತುವವರೆಗೆ ಕೈ ಹಿಡಿದು ನಿಲ್ಲುವುದು, ಆಮೇಲೆ ನೆಲ ಒರೆಸಿ ರಕ್ತದ ಬಟ್ಟೆ ಮೂಟೆ ಕಟ್ಟುವುದು ಅವರ ಕೆಲಸ. ದಿನಕ್ಕೆ ಆರೇಳು ಮಕ್ಕಳು. ಕೆಲವರು ಮತ್ತೆ ಮತ್ತೆ ಬರುವವರು, ಗಂಟಲೊಳಗೆ ನರುಲಿಯಂಥ ಗಂಟು ಬೆಳೆಯುವವರು. "ಅವರು ಬಂದ್ರೆ ಖುಷೀನೂ ಆಗತ್ತೆ, ಸಂಕಟಾನೂ ಆಗತ್ತೆ. ಎತ್ತರ ಬೆಳೆದಿರ್ತಾರೆ. ಆದ್ರೆ ಬಂದಿರ್ತಾರಲ್ಲ."

ಯಾಕೆ ಮರಳಿ ಬರುತ್ತದೆ? ಗಂಟಲಿನ ಒಳಪೊರೆಯ ತೀರಾ ಅಡಿಯ ಜೀವಕೋಶಗಳಲ್ಲಿ ಪ್ಯಾಪಿಲೋಮಾ ವೈರಸ್ ಮನೆ ಮಾಡುತ್ತದೆ. ಅಲ್ಲಿ ತನ್ನ ಹೆಚ್ಚಿನ ವಂಶವಾಹಿಗಳನ್ನು ಅದುಮಿಟ್ಟು, ಮೈಯ ಕಾವಲಿನ ಕಣ್ಣಿಗೆ ಬೀಳದೆ ತೆಪ್ಪಗಿರುತ್ತದೆ. ಕೋಶ ಎರಡಾದರೆ ತಾನೂ ಎರಡರೊಳಗೂ ಸೇರಿಕೊಳ್ಳುತ್ತದೆ. ಕೋಶ ಬಲಿತು ಮೇಲೆ ಬಂದಂತೆ ಉಳಿದ ವಂಶವಾಹಿಗಳು ಎಚ್ಚರಗೊಂಡು, ಹೊಸ ವೈರಸ್‌ಗಳು ಹುಟ್ಟುತ್ತವೆ. ಡಾಕ್ಟರ ಕತ್ತರಿಗೆ ಸಿಗುವುದು ಮೇಲಿನ ಗಂಟು ಮಾತ್ರ.

ಇದನ್ನು ಡಾಕ್ಟರು ಮೊದಲು ಪಿಸು ಅತ್ತೆಗೆ ಹೇಳಿದ್ದು ಆಯಾ ಎಂದಲ್ಲ, ತಾಯಿ ಎಂದು. ಎರಡು ವರ್ಷದ ಮಗಳ ದನಿ ಒಡೆದಾಗ ನೆಗಡಿ ಇರಬೇಕು ಅಂದುಕೊಂಡಿದ್ದರು. ಒಂದು ದಿನ ಉಸಿರೇ ಕಟ್ಟಿತು. ಅಲ್ಲಿಂದ ಶುರುವಾದ ಆಪರೇಷನ್‌ಗಳು ನಿಲ್ಲಲೇ ಇಲ್ಲ. "ಪ್ರತಿ ಸಲ ಆದ್ಮೇಲೆ ಒಂದಷ್ಟು ವಾರ ದನಿ ಗಂಟೆ ಹಾಗಿರ್ತಿತ್ತು. ಆಗ ಬಾಯಿಗೆ ಬಿಡುವೇ ಇಲ್ಲ ಅವಳಿಗೆ. ಬಾಗಿಲಿಗೆ ಬಂದವರನ್ನೆಲ್ಲ ಹಿಡಿದು ಕೂರಿಸ್ಕೊಂಡು ಮಾತು. 'ಸಾಕು ಬಾಯಿ ಮುಚ್ಚೇ' ಅಂತ ಗದರ್ತಿದ್ದೆ. ಹಾಗಂದ ಬಾಯಿ ಇದು."

ಗಂಟುಗಳು ಶ್ವಾಸಕೋಶಕ್ಕಿಳಿದವು. ಮಗಳು ಹನ್ನೊಂದು ತುಂಬುವ ಮೊದಲೇ ಹೋದಳು.

ವೈರಸ್ ಹೆರಿಗೆಯ ಹೊತ್ತಿಗೆ ತಾಯಿಯಿಂದ ದಾಟಿರಬಹುದು ಎಂದು ಡಾಕ್ಟರು ಹೇಳಿದಾಗ ಬಡಗಿ ಕೆಲಸದ ಗಂಡನೂ ಪಕ್ಕದಲ್ಲೇ ನಿಂತಿದ್ದರು. "ಅವರು ಒಂದು ಮಾತೂ ಅನ್ನಲಿಲ್ಲ. ಅಂದುಬಿಟ್ಟಿದ್ರೆ ಜಗಳವಾದ್ರೂ ಆಡ್ತಿದ್ದೆ," ಎನ್ನುತ್ತಾರೆ. ಮಗಳು ಹೋದ ಮೇಲೆ ಅವಳ ಮಂಚವನ್ನು ಗಂಡ ತಾವೇ ಬಿಚ್ಚಿ, ಹಲಗೆಗಳನ್ನು ಅಟ್ಟಕ್ಕೇರಿಸಿದರು. ಮನೆಯ ಮೌನ ತಾಳಲಾರದೆ ಇವರು ಇದೇ ಆಸ್ಪತ್ರೆಗೆ ಬಂದು ಕೆಲಸ ಕೇಳಿದರು.

ಈಗ ಬೆಂಚಿನ ಮೇಲಿನ ಆ ಎಳೆ ತಾಯಿ ಮಗುವನ್ನು ಕೊಡುತ್ತಾ, ಕೈ ಸಡಿಲಿಸದೆ ಕೇಳುತ್ತಾಳೆ, "ಅತ್ತೆ, ಇದು ನನ್ನಿಂದಲೇ ಬಂತಾ?"

ಪಿಸು ಅತ್ತೆ ಹೇಳುತ್ತಾರೆ, "ಬಂದಿರಬಹುದಮ್ಮ. ಎಷ್ಟೋ ಹೆಂಗಸರ ಮೈಯಲ್ಲಿ ಇರತ್ತಂತೆ, ಗೊತ್ತೇ ಆಗಲ್ಲ. ನಿನಗೇ ಗೊತ್ತಿಲ್ಲದ್ದಕ್ಕೆ ನಿನ್ನ ಮೇಲೆ ಹೇಗೆ ತಪ್ಪು ಹೊರಿಸೋದು?"

"ನಿಮಗೆ ಹಾಗನ್ನಿಸತ್ತಾ?"

"ನಿನ್ನ ವಿಷಯದಲ್ಲಿ ಅನ್ನಿಸತ್ತೆ," ಎಂದು ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತಾರೆ.

ಈಗ ಈ ವೈರಸ್‌ಗೆ ಲಸಿಕೆ ಇದೆ; ಹುಡುಗಿಯಾಗಿದ್ದಾಗಲೇ ಹಾಕಿಸಿಕೊಂಡರೆ ಮುಂದೆ ಹುಟ್ಟುವ ಮಗುವಿಗೆ ದಾಟುವುದು ತಪ್ಪಬಹುದು. ಪಿಸು ಅತ್ತೆ ಪರಿಚಯದ ಮನೆಗಳಿಗೆಲ್ಲ ಹೋಗಿ "ಹೆಣ್ಮಕ್ಕಳಿಗೆ ಹಾಕಿಸಿ" ಎನ್ನುತ್ತಾರೆ. ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. "ಹಾಕ್ಕೊಳ್ಳಲಿ, ನಾಳೆ ಮತ್ತೆ ತಟ್ತೀನಿ."

ಬಿಸಿಲೇರುವ ಹೊತ್ತಿಗೆ ಮಗು ಹೊರಬರುತ್ತದೆ. ಮಂಪರು ಇಳಿದದ್ದೇ ತಡ, ಇಡೀ ವಾರ್ಡು ತಿರುಗಿ ನೋಡುವಂತೆ ಕಿರುಚಿ ಅಳುತ್ತದೆ. ತಾಯಿ ಗಾಬರಿಯಿಂದ ಸಮಾಧಾನ ಮಾಡಲು ಬಗ್ಗುತ್ತಾಳೆ. ಪಿಸು ಅತ್ತೆ ಅವಳ ಭುಜ ಹಿಡಿಯುತ್ತಾರೆ.

"ಒಂದು ನಿಮಿಷ ಅಳಲಿ ಬಿಡಮ್ಮ. ದನಿ ಕೇಳ್ತೀನಿ."